ಒಂದು ಸೆಂಟಿನ ಪತ್ರಿಕೆ: ಡೊರೊತಿ ಡೇ ಅವರ ಬದುಕು

ಪತ್ರಿಕೆಯೊಂದನ್ನು ಆರಂಭಿಸುವುದು ಸುಲಭ, ನಡೆಸಿಕೊಂಡು ಹೋಗುವುದು ಕಷ್ಟವೆಂಬ ಸಂಗತಿ ಹೊರನಾಡ ಕನ್ನಡಿಗರಾದ ನಮಗೆ ಹೊಸತೇನಲ್ಲ. ಸಂಘದ ವಾರ್ತಾಪತ್ರಕ್ಕಾಗಿ, ವಾರ್ಷಿಕ ಸ್ಮರಣ ಸಂಚಿಕೆಗಾಗಿ ರಸೀದಿ ಪುಸ್ತಕ ಹಿಡಿದು ಮನೆಯಿಂದ ಮನೆಗೆ ನಡೆದವರು ನಮ್ಮಲ್ಲಿ ಅನೇಕರಿದ್ದಾರೆ. ಭಾಷೆಯ ಮೇಲಿನ ಅಭಿಮಾನದಿಂದ ಜನರು ಸಂತೋಷವಾಗಿಯೇ ಕೊಡುತ್ತಾರೆ. ಆದರೆ ಆಳುವವರಿಗೂ, ಧನಿಕರಿಗೂ, ಕೆಲವೊಮ್ಮೆ ಸ್ವತಃ ಓದುಗರಿಗೂ ಹಿಡಿಸದ ಮಾತನ್ನು ಬರೆಯುವ ಎಡಪಂಥೀಯ ಪತ್ರಿಕೆಯೊಂದು ಜಾಹೀರಾತಿಲ್ಲದೆ, ಸರಕಾರದ ನೆರವಿಲ್ಲದೆ, ಕೇವಲ ಓದುಗರ ದೇಣಿಗೆಯನ್ನು ನಂಬಿ ಎಷ್ಟು ಕಾಲ ಬಾಳಬಲ್ಲದು? ಈ ಪ್ರಶ್ನೆಗೆ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಒಬ್ಬ ಮಹಿಳೆ ತಮ್ಮ ಬದುಕನ್ನೇ ಉತ್ತರವಾಗಿ ಕೊಟ್ಟರು. 1933ರಲ್ಲಿ 'ದಿ ಕ್ಯಾಥೊಲಿಕ್ ವರ್ಕರ್' ಎಂಬ ಮಾಸಪತ್ರಿಕೆಯನ್ನು ಹುಟ್ಟುಹಾಕಿ, 1980ರಲ್ಲಿ ಕೊನೆಯುಸಿರೆಳೆಯುವವರೆಗೆ ನಲವತ್ತೇಳು ವರ್ಷಗಳ ಕಾಲ ಅದನ್ನು ಪೋಷಿಸಿದ ಆ ಮಹಿಳೆಯೇ ಡೊರೊತಿ ಡೇ.

ಅವರ ಧರ್ಮಶ್ರದ್ಧೆ, ಯುದ್ಧವಿರೋಧ, ಸೆರೆವಾಸಗಳ ಕುರಿತು ಅನೇಕ ಗ್ರಂಥಗಳು ಬಂದಿವೆ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ವೃತ್ತಿಜೀವನವನ್ನು ಸವೆಸಿದ ನಮಗಾದರೋ ಅವರ ಜೀವನದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಹಣದ ವಿಚಾರ. ಅದನ್ನೇ ಮುಂದಿಟ್ಟುಕೊಂಡು ಅವರ ಬದುಕನ್ನು ಇಲ್ಲಿ ನಿರೂಪಿಸಲು ಬಯಸುತ್ತೇವೆ.

ಬಾಲ್ಯ ಮತ್ತು ತಾರುಣ್ಯ

ಡೊರೊತಿ ಡೇ ಜನಿಸಿದ್ದು 1897ರ ನವೆಂಬರ್ 8ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ಜಾನ್ ಡೇ ಕುದುರೆ ಪಂದ್ಯಗಳ ವರದಿ ಬರೆಯುತ್ತಿದ್ದ ಕ್ರೀಡಾ ಪತ್ರಕರ್ತರು. ಅವರ ಉದ್ಯೋಗ ನಿಮಿತ್ತ ಕುಟುಂಬವು ಕ್ಯಾಲಿಫೋರ್ನಿಯದ ಓಕ್‌ಲೆಂಡಿಗೆ ಸಾಗಿತು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ನೆಲಸಮ ಮಾಡಿದ ಭೂಕಂಪದ ಕಾಲಕ್ಕೆ ಡೊರೊತಿ ಎಂಟು ವರ್ಷದ ಬಾಲಕಿ. ಮನೆಮಠ ಕಳೆದುಕೊಂಡ ಜನ ಕೊಲ್ಲಿಯನ್ನು ದಾಟಿ ಓಕ್‌ಲೆಂಡಿಗೆ ಬಂದಾಗ ಆಕೆಯ ತಾಯಿಯೂ ನೆರೆಹೊರೆಯವರೂ ತಮ್ಮಲ್ಲಿದ್ದ ಬಟ್ಟೆಬರೆ, ಅನ್ನಾಹಾರಗಳನ್ನು ಅವರಿಗೆ ಹಂಚಿದರು. ಆಪತ್ತಿನ ವೇಳೆಯಲ್ಲಿ ಅಪರಿಚಿತರಿಗಾಗಿ ತೆರೆದುಕೊಂಡ ಆ ಕೈಗಳನ್ನು ಆಕೆ ಮುಂದೆಂದೂ ಮರೆಯಲಿಲ್ಲ. ಅದೇ ದುರಂತದಲ್ಲಿ ತಂದೆಯ ಪತ್ರಿಕಾ ಕಚೇರಿ ಭಸ್ಮವಾಗಿ, ಕೆಲಸ ಹೋಗಿ, ಕುಟುಂಬವು ಶಿಕಾಗೊ ನಗರದ ಬಡ ವಸತಿಯೊಂದನ್ನು ಸೇರಬೇಕಾಯಿತು.

ಶಿಕಾಗೊದಲ್ಲಿ ಬೆಳೆಯುತ್ತಿದ್ದಾಗ ಅಪ್ಟನ್ ಸಿಂಕ್ಲೇರರ 'ದಿ ಜಂಗಲ್' ಕಾದಂಬರಿಯನ್ನು ಓದಿ, ಆ ನಗರದ ಕೂಲಿಕಾರರ ಕೇರಿಗಳಲ್ಲಿ ಅಡ್ಡಾಡುವ ಅಭ್ಯಾಸ ಅವರಿಗೆ ಹತ್ತಿತು. ವಿದ್ಯಾರ್ಥಿವೇತನ ಪಡೆದು 1914ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಸೇರಿದರೂ ಎರಡೇ ವರ್ಷಗಳಲ್ಲಿ ಅದನ್ನು ತೊರೆದು ನ್ಯೂಯಾರ್ಕಿಗೆ ಮರಳಿದರು. ಅಲ್ಲಿ 'ದಿ ಕಾಲ್' ಎಂಬ ಸಮಾಜವಾದಿ ದಿನಪತ್ರಿಕೆಯಲ್ಲಿ ಕೆಲಸ ದೊರೆಯಿತು. ವಾರಕ್ಕೆ ಐದು ಡಾಲರುಗಳಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳು ಹೇಗೆ ಜೀವಿಸಬಲ್ಲಳೆಂಬುದನ್ನು ಸ್ವತಃ ಹಾಗೆ ಬದುಕಿ ಬರೆಯುವುದು ಅವರ ಮೊದಲ ಕೆಲಸಗಳಲ್ಲಿ ಒಂದಾಗಿತ್ತು.

ಬಳಿಕ 1917ರಲ್ಲಿ ಅವರು 'ದಿ ಮಾಸಸ್' ಪತ್ರಿಕೆಯನ್ನು ಸೇರಿದರು. ಅಂದಿನ ಅಮೆರಿಕದ ಶ್ರೇಷ್ಠ ಲೇಖಕರೂ ಚಿತ್ರಕಾರರೂ ಸೇರಿ ನಡೆಸುತ್ತಿದ್ದ ಈ ಎಡಪಂಥೀಯ ಮಾಸಿಕವು ಚಂದಾದಾರರಿಗಿಂತ ಮಿಗಿಲಾಗಿ ಕೆಲವು ಧನಿಕ ಹಿತೈಷಿಗಳ ಕೊಡುಗೆಯನ್ನು ಅವಲಂಬಿಸಿತ್ತು. ಅಮೆರಿಕವು ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿದಾಗ ಪತ್ರಿಕೆ ಯುದ್ಧವನ್ನು ವಿರೋಧಿಸಿತು. ಸರಕಾರವು ಅಂಚೆಯ ಮೂಲಕ ಅದನ್ನು ಕಳುಹಿಸುವ ಹಕ್ಕನ್ನು ಕಸಿದುಕೊಂಡಿತು. ಆ ವರ್ಷ ಮುಗಿಯುವುದರೊಳಗೆ ಪತ್ರಿಕೆ ನಿಂತಿತು. ಪತ್ರಿಕೆಯೊಂದರ ಕತ್ತನ್ನು ಎಷ್ಟು ಸುಲಭವಾಗಿ ಹಿಸುಕಬಹುದೆಂಬುದನ್ನು ಇಪ್ಪತ್ತರ ಹರೆಯದಲ್ಲಿಯೇ ಡೊರೊತಿ ಕಂಡರು. ಅದೇ ನವೆಂಬರಿನಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ಶ್ವೇತಭವನದ ಮುಂದೆ ನಡೆದ ಧರಣಿಯಲ್ಲಿ ಭಾಗವಹಿಸಿ ಮೂವತ್ತು ದಿನಗಳ ಶಿಕ್ಷೆಗೆ ಗುರಿಯಾದರು. ಸೆರೆಮನೆಯಲ್ಲಿ ಇತರ ಮಹಿಳೆಯರೊಂದಿಗೆ ಉಪವಾಸ ಸತ್ಯಾಗ್ರಹ ಹೂಡಿ, ಅವಧಿಗೆ ಮುನ್ನವೇ ಬಿಡುಗಡೆ ಹೊಂದಿದರು.

ಮುಂದಿನ ಹತ್ತು ವರ್ಷಗಳು ಅಲೆದಾಟದವು. ಕೆಲಕಾಲ ಬ್ರೂಕ್ಲಿನ್‌ನ ಆಸ್ಪತ್ರೆಯಲ್ಲಿ ದಾದಿಯಾದರು. 1924ರಲ್ಲಿ 'ದಿ ಇಲೆವೆಂತ್ ವರ್ಜಿನ್' ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದರ ಚಲನಚಿತ್ರದ ಹಕ್ಕಿಗಾಗಿ ಬಂದ ಹಣದಿಂದ ಸ್ಟೇಟನ್ ಐಲೆಂಡಿನ ಕಡಲತೀರದಲ್ಲಿ ಚಿಕ್ಕದೊಂದು ಮನೆ ಕೊಂಡರು. ಫಾರ್ಸ್ಟರ್ ಬ್ಯಾಟರ್‌ಹ್ಯಾಮ್ ಅವರೊಡನೆ ಬಾಳಿ, 1926ರ ಮಾರ್ಚಿನಲ್ಲಿ ತಮಾರ್ ಎಂಬ ಮಗಳನ್ನು ಪಡೆದರು. ಮಗಳಿಗೆ ಕ್ಯಾಥೊಲಿಕ್ ವಿಧಿಯಂತೆ ಜ್ಞಾನಸ್ನಾನ ಮಾಡಿಸಿ, 1927ರ ಡಿಸೆಂಬರಿನಲ್ಲಿ ತಾವೂ ಕ್ಯಾಥೊಲಿಕ್ ಧರ್ಮಸಭೆಯನ್ನು ಸೇರಿದರು. ಧರ್ಮದಲ್ಲಿ ನಂಬಿಕೆಯಿಲ್ಲದ ಸಂಗಾತಿಯೊಡನೆ ಅಲ್ಲಿಗೆ ಸಂಬಂಧ ಕಡಿಯಿತು. ಎಡಪಂಥೀಯ ಗೆಳೆಯರಿಗೆ ಈ ಮತಾಂತರ ಅರ್ಥವಾಗಲಿಲ್ಲ. ಚರ್ಚಿನವರಿಗೆ ಇವರ ಎಡಪಂಥೀಯತೆ ಅರ್ಥವಾಗಲಿಲ್ಲ. ಎರಡು ದಡಗಳಿಗೂ ಸಲ್ಲದವರಂತೆ ಐದು ವರ್ಷ ಕಳೆದರು.

ಪತ್ರಿಕೆಯ ಜನನ

1929ರ ಶೇರುಪೇಟೆಯ ಕುಸಿತದ ತರುವಾಯ ಅಮೆರಿಕದಲ್ಲಿ ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡು ಬೀದಿಪಾಲಾಗಿದ್ದರು. 1932ರ ಡಿಸೆಂಬರಿನಲ್ಲಿ ಕಮ್ಯುನಿಸ್ಟರ ಮುಂದಾಳುತನದಲ್ಲಿ ವಾಷಿಂಗ್ಟನ್ನಿಗೆ ಹಸಿದವರ ಮೆರವಣಿಗೆ ಹೊರಟಾಗ ಡೊರೊತಿ ವರದಿಗಾರ್ತಿಯಾಗಿ ಅಲ್ಲಿದ್ದರು. ಬಡವರ ಪರವಾಗಿ ಬೀದಿಗಿಳಿದವರಲ್ಲಿ ತಮ್ಮ ಧರ್ಮಸಭೆಯ ನಾಯಕರು ಕಾಣಿಸದಿದ್ದುದು ಅವರನ್ನು ನೋಯಿಸಿತು. ಅಲ್ಲಿಯ ದೇವಾಲಯವೊಂದರಲ್ಲಿ ಪ್ರಾರ್ಥಿಸಿ ನ್ಯೂಯಾರ್ಕಿಗೆ ಮರಳಿದ ಕೆಲವೇ ಸಮಯದಲ್ಲಿ ಪೀಟರ್ ಮೋರಿನ್ ಅವರನ್ನು ಹುಡುಕಿಕೊಂಡು ಬಂದರು.

ಮೋರಿನ್ ಫ್ರಾನ್ಸಿನ ರೈತ ಕುಟುಂಬದಲ್ಲಿ 1877ರಲ್ಲಿ ಹುಟ್ಟಿದವರು. ಮಾಸಿದ ಕೋಟು, ಕಿಸೆಯ ತುಂಬ ಕಾಗದಪತ್ರಗಳು, ಕೂಲಿ ಮಾಡುತ್ತ ದೇಶ ಸುತ್ತಿದ ಅನುಭವ, ಇವಿಷ್ಟೇ ಅವರ ಆಸ್ತಿ. ಕಾರ್ಮಿಕರಿಗಾಗಿ ಒಂದು ಪತ್ರಿಕೆ, ನಿರ್ಗತಿಕರಿಗಾಗಿ ಅತಿಥಿಗೃಹಗಳು, ದುಡಿದು ಉಣ್ಣಲು ಕೃಷಿ ಸಮುದಾಯಗಳು ಎಂಬ ಮೂರು ಯೋಜನೆಗಳನ್ನು ಅವರು ಡೊರೊತಿಯ ಮುಂದಿಟ್ಟರು. ಇದಕ್ಕೆಲ್ಲ ಹಣವೆಲ್ಲಿ ಎಂಬ ಪ್ರಶ್ನೆಗೆ, ಸಂತರ ಚರಿತ್ರೆಯಲ್ಲಿ ಬಂಡವಾಳವು ಪ್ರಾರ್ಥನೆಯಿಂದ ಕೂಡಿಬರುತ್ತದೆಂಬುದು ಅವರ ಉತ್ತರವಾಗಿತ್ತು. ಪ್ರಾರ್ಥನೆಯಲ್ಲಿ ನಂಬಿಕೆಯಿದ್ದರೂ ಪತ್ರಿಕಾ ಕಚೇರಿಗಳಲ್ಲಿ ಪಳಗಿದ್ದ ಡೊರೊತಿ ನೇರವಾಗಿ ಮುದ್ರಣಾಲಯವನ್ನು ವಿಚಾರಿಸಿದರು. ಎಂಟು ಪುಟಗಳ ಎರಡೂವರೆ ಸಾವಿರ ಪ್ರತಿಗಳಿಗೆ 57 ಡಾಲರ್ ಆಗುವುದೆಂದು ತಿಳಿಯಿತು. ತಮ್ಮ ಲೇಖನಗಳ ಸಂಭಾವನೆಯನ್ನು ಕೂಡಿಸಿ, ಮನೆಯ ಗ್ಯಾಸು ಮತ್ತು ವಿದ್ಯುತ್ತಿನ ಬಿಲ್ಲುಗಳನ್ನು ತಡೆಹಿಡಿದು, ಪರಿಚಿತ ಪಾದ್ರಿಗಳು ಹಾಗೂ ಸಂನ್ಯಾಸಿನಿಯೊಬ್ಬರು ಕೊಟ್ಟ ಸಣ್ಣ ಮೊತ್ತಗಳನ್ನು ಸೇರಿಸಿ ಆ ಹಣವನ್ನು ಹೊಂದಿಸಿದರು. ಅಡುಗೆಮನೆಯ ಮೇಜೇ ಸಂಪಾದಕೀಯ ಕಚೇರಿಯಾಯಿತು.

1933ರ ಮೇ 1ರಂದು, ಕಾರ್ಮಿಕರ ದಿನದ ಸಭೆಗಾಗಿ ಯೂನಿಯನ್ ಸ್ಕ್ವೇರ್ ಚೌಕದಲ್ಲಿ ನೆರೆದ ಸಾವಿರಾರು ಜನರ ನಡುವೆ 'ದಿ ಕ್ಯಾಥೊಲಿಕ್ ವರ್ಕರ್' ಪತ್ರಿಕೆಯ ಮೊದಲ ಸಂಚಿಕೆ ಮಾರಾಟಕ್ಕೆ ಬಂದಿತು. ಕಮ್ಯುನಿಸ್ಟರ 'ಡೇಲಿ ವರ್ಕರ್' ಪತ್ರಿಕೆಗೆ ಎದುರು ನುಡಿಯುವಂತೆ ಅದರ ಹೆಸರಿತ್ತು. ಬೆಲೆ ಪ್ರತಿಯೊಂದಕ್ಕೆ ಒಂದು ಸೆಂಟ್. ವರ್ಷದ ಚಂದಾ ಇಪ್ಪತ್ತೈದು ಸೆಂಟ್. ಕೊಂಡವರಿಗಿಂತ ಗೇಲಿ ಮಾಡಿದವರೇ ಹೆಚ್ಚು. ಆದರೂ ಆ ವರ್ಷ ಮುಗಿಯುವುದರೊಳಗಾಗಿ ತಿಂಗಳಿಗೆ ಒಂದು ಲಕ್ಷ ಪ್ರತಿಗಳು ಅಚ್ಚಾಗತೊಡಗಿದವು.

ನಷ್ಟದ ಲೆಕ್ಕ

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕುವುದು ಉಚಿತ. 57 ಡಾಲರುಗಳನ್ನು 2,500 ಪ್ರತಿಗಳಿಗೆ ಹಂಚಿದರೆ ಪ್ರತಿಯೊಂದರ ಮುದ್ರಣ ವೆಚ್ಚ ಎರಡು ಸೆಂಟಿಗೂ ಮೀರುತ್ತದೆ. ಮಾರಾಟದ ಬೆಲೆಯಾದರೋ ಒಂದೇ ಸೆಂಟ್. ಎಲ್ಲ ಪ್ರತಿಗಳೂ ಮಾರಾಟವಾದರೂ ಕೈಗೆ ಬರುವುದು 25 ಡಾಲರ್ ಮಾತ್ರ. ಪ್ರತಿಗಳು ಹೆಚ್ಚಿದಂತೆ ಬಿಡಿ ಪ್ರತಿಯ ವೆಚ್ಚ ತಗ್ಗುವುದು ನಿಜವಾದರೂ ಕಾಗದ, ಅಂಚೆ, ಬಾಡಿಗೆಗಳನ್ನು ಆ ಒಂದು ಸೆಂಟು ಭರಿಸಲಾರದು. ಜಾಹೀರಾತುಗಳನ್ನು ಪತ್ರಿಕೆ ಸ್ವೀಕರಿಸುತ್ತಿರಲಿಲ್ಲ. ಇಂಥ ಯೋಜನೆಯೊಂದನ್ನು ಸಾಲದ ಅರ್ಜಿಯೊಂದಿಗೆ ಯಾರಾದರೂ ನಮ್ಮ ಮೇಜಿನ ಮೇಲಿಟ್ಟಿದ್ದರೆ ಅದನ್ನು ಸೌಜನ್ಯದಿಂದ ಹಿಂದಿರುಗಿಸುವುದು ನಮ್ಮ ಕರ್ತವ್ಯವಾಗುತ್ತಿತ್ತು.

ಆದರೆ ಇದು ಲೆಕ್ಕ ತಿಳಿಯದವರ ಕೆಲಸವಾಗಿರಲಿಲ್ಲ. ಕೆಲಸವಿಲ್ಲದವನ ಕಿಸೆಯಲ್ಲೂ ಇರಬಹುದಾದ ನಾಣ್ಯವೇ ಪತ್ರಿಕೆಯ ಬೆಲೆಯಾಗಬೇಕೆಂಬುದು ಉದ್ದೇಶ. ಒಂದು ಸೆಂಟಿಗೂ ಮಿಗಿಲಾಗಿ ಕೊಡಬಲ್ಲವರು ಕೊಡಲಾರದವರ ಪಾಲನ್ನು ತುಂಬಬೇಕೆಂಬುದು ವ್ಯವಸ್ಥೆ. ದೇಣಿಗೆಯು ಈ ಪತ್ರಿಕೆಗೆ ಆಪತ್ಕಾಲದ ಔಷಧಿಯಾಗಿರದೆ ದಿನನಿತ್ಯದ ಆಹಾರವಾಗಿತ್ತು. ನಮ್ಮ ನಾಡಿನ ಶರಣರು ಕಾಯಕವನ್ನೂ ದಾಸೋಹವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಬಲ್ಲವರಿಗೆ ಈ ವ್ಯವಸ್ಥೆಯ ಮರ್ಮ ಬೇಗನೆ ತಿಳಿದೀತು.

ಪತ್ರಿಕೆಯ ಜೊತೆಜೊತೆಗೇ ಅತಿಥಿಗೃಹಗಳೂ ತೆರೆದವು. ಮನೆಯಿಲ್ಲದವರ ಬಗ್ಗೆ ಬರೆದುದನ್ನು ಓದಿದ ಮನೆಯಿಲ್ಲದವರು ಕಚೇರಿಯ ಬಾಗಿಲಿಗೇ ಬಂದು ನಿಂತಾಗ ಬೇರೆ ದಾರಿಯೂ ಇರಲಿಲ್ಲ. 1936ರಿಂದ ಮಾಟ್ ಸ್ಟ್ರೀಟಿನ ಮನೆಯ ಮುಂದೆ ಪ್ರತಿ ಮುಂಜಾನೆ ನೂರಾರು ಮಂದಿ ಕಾಫಿ ಮತ್ತು ರೊಟ್ಟಿಗಾಗಿ ಸಾಲುಗಟ್ಟುತ್ತಿದ್ದರು. ದೇಶದ ಇತರ ನಗರಗಳಲ್ಲಿಯೂ ಓದುಗರು ತಾವಾಗಿಯೇ ಇಂಥ ಮೂವತ್ತಕ್ಕೂ ಹೆಚ್ಚು ಮನೆಗಳನ್ನು ತೆರೆದರು. ಪತ್ರಿಕೆಯಲ್ಲಿ ದುಡಿಯುವವರಿಗೆ ಸಂಬಳವಿರಲಿಲ್ಲ. ಊಟ, ವಸತಿ, ದಾನವಾಗಿ ಬಂದ ಬಟ್ಟೆ, ಇವಿಷ್ಟೇ. ಸಂಪಾದಕಿಯಾದ ಡೊರೊತಿ ಡೇ ಅವರಿಗೂ ಅಷ್ಟೇ.

ವರ್ಷಕ್ಕೆರಡು ಬಿನ್ನಹಗಳು

ಹಣ ಕೇಳುವ ಕ್ರಮವೂ ಸರಳವಾಗಿತ್ತು. ವರ್ಷಕ್ಕೆ ಎರಡು ಬಾರಿ, ವಸಂತದಲ್ಲೊಮ್ಮೆ ಮತ್ತು ಶರತ್ಕಾಲದಲ್ಲೊಮ್ಮೆ, ಓದುಗರಿಗೆ ಒಂದು ಬಿನ್ನಹ ಪತ್ರ ಹೋಗುತ್ತಿತ್ತು. ಅದನ್ನು ಬರೆಯುತ್ತಿದ್ದವರು ಸ್ವತಃ ಡೊರೊತಿ. ಕಿರಾಣಿ ಅಂಗಡಿಯವನಿಗೆ ಕೊಡಬೇಕಾದ ಬಾಕಿ, ಮುದ್ರಕನ ಬಾಕಿ, ರೊಟ್ಟಿಯ ಬಾಕಿ, ಇವುಗಳನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡು, ಮನೆಯಲ್ಲಿ ಯಾರಿದ್ದಾರೆ, ಯಾರು ಕಾಯಿಲೆ ಬಿದ್ದಿದ್ದಾರೆ ಎಂಬುದನ್ನೂ ಬಂಧುಗಳಿಗೆ ತಿಳಿಸುವಂತೆ ತಿಳಿಸುತ್ತಿದ್ದರು. ಸಂತ ಜೋಸೆಫರನ್ನು ತಮ್ಮ ಸಂಸ್ಥೆಯ ಪೋಷಕರೆಂದು ನಂಬಿ, ಹಣ ಬಾರದಿದ್ದಾಗ ಅವರಿಗೆ ಪ್ರಾರ್ಥನೆ ಸಲ್ಲಿಸುವುದು ವಾಡಿಕೆ. ಪ್ರಾರ್ಥನೆಯ ಜೊತೆಗೆ ಪತ್ರವನ್ನೂ ಅಂಚೆಗೆ ಹಾಕುತ್ತಿದ್ದರೆನ್ನುವುದನ್ನು ಮರೆಯಬಾರದು.

ಇಷ್ಟರಿಂದಲೇ ಓದುಗರು ಕೊಡುತ್ತಿದ್ದರೆಂದು ತಿಳಿದರೆ ತಪ್ಪಾದೀತು. ದಶಕಗಳ ಕಾಲ ಡೊರೊತಿ ಬಸ್ಸಿನಲ್ಲಿ ಅಮೆರಿಕದ ಉದ್ದಗಲ ಸಂಚರಿಸಿದರು. ಓದುಗರ ಮನೆಗಳಲ್ಲಿ ತಂಗಿ, ಗಣಿಗಾರರ, ಹೊಲದ ಕೂಲಿಗಳ, ಮುಷ್ಕರನಿರತ ಕಾರ್ಮಿಕರ ಮಾತುಗಳನ್ನು ಆಲಿಸಿ, ಅವೆಲ್ಲವನ್ನೂ ತಮ್ಮ ಮಾಸಿಕ ಅಂಕಣದಲ್ಲಿ ಬರೆದರು. 'ಆನ್ ಪಿಲ್ಗ್ರಿಮೇಜ್', ಅಂದರೆ ತೀರ್ಥಯಾತ್ರೆಯಲ್ಲಿ, ಎಂಬುದು ಆ ಅಂಕಣದ ಹೆಸರು. ಬಿನ್ನಹ ಪತ್ರ ಕೈ ಸೇರುವ ವೇಳೆಗೆ ಓದುಗನು ಆ ಮನೆಯ ಸುಖದುಃಖಗಳನ್ನು ಬಲ್ಲವನಾಗಿರುತ್ತಿದ್ದನು. ಪರಿಚಯವಿಲ್ಲದೆ ಕೇಳುವುದಕ್ಕೂ ಪರಿಚಯವಾದ ಮೇಲೆ ಕೇಳುವುದಕ್ಕೂ ಇರುವ ಅಂತರ ರಸೀದಿ ಪುಸ್ತಕ ಹಿಡಿದ ಎಲ್ಲರಿಗೂ ಗೊತ್ತು.

ಬಂದ ಹಣವನ್ನು ಕೂಡಿಡುವ ಪದ್ಧತಿಯೂ ಅಲ್ಲಿರಲಿಲ್ಲ. ಶಾಶ್ವತ ನಿಧಿಯೆಂಬುದಿಲ್ಲ, ಠೇವಣಿಯಿಲ್ಲ. ಒಮ್ಮೆ ಶ್ರೀಮಂತ ಮಹಿಳೆಯೊಬ್ಬರು ವಜ್ರದುಂಗುರವನ್ನು ದಾನವಿತ್ತರೆಂದೂ, ಡೊರೊತಿ ಅದನ್ನು ಮಾರಿಸದೆ, ಪ್ರತಿದಿನ ಊಟಕ್ಕೆ ಬರುತ್ತಿದ್ದ ವೃದ್ಧೆಯೊಬ್ಬಳಿಗೆ ಕೊಟ್ಟುಬಿಟ್ಟರೆಂದೂ ಒಂದು ಪ್ರಸಂಗವನ್ನು ಅವರ ಒಡನಾಡಿಗಳು ಮತ್ತೆ ಮತ್ತೆ ಹೇಳಿದ್ದಾರೆ. ಮಾರಿದ್ದರೆ ಆ ವೃದ್ಧೆಯ ಮನೆ ಬಾಡಿಗೆಗಾದರೂ ಒದಗುತ್ತಿತ್ತೆಂದು ಆಕ್ಷೇಪಿಸಿದವರಿಗೆ, ಅದನ್ನು ಮಾರುವುದೋ ತೊಡುವುದೋ ಎಂದು ನಿರ್ಧರಿಸುವ ಘನತೆ ಬಡವಳಿಗೂ ಉಂಟೆಂಬುದು ಡೊರೊತಿಯ ಸಮಾಧಾನವಾಗಿತ್ತು.

ಓದುಗರು ದೂರವಾದಾಗ

ಓದುಗರ ಹಣದಿಂದ ನಡೆಯುವ ಪತ್ರಿಕೆಗೆ ಧನಿಕರ ಭಯವಿರದು, ನಿಜ. ಆದರೆ ಓದುಗರ ಭಯವಿರುತ್ತದೆ. ಅವರಿಗೆ ಒಪ್ಪಿಗೆಯಾಗದ್ದನ್ನು ಬರೆದರೆ ಕೊಡುವ ಕೈ ಹಿಂದೆ ಸರಿಯುತ್ತದೆ. ಡೊರೊತಿ ಡೇ ಅವರ ನಿಜವಾದ ಪರೀಕ್ಷೆ ಇಲ್ಲಿಯೇ ನಡೆಯಿತು.

ಆರಂಭದ ವರ್ಷಗಳಲ್ಲಿ ಪತ್ರಿಕೆಯ ಪ್ರಸಾರ ಏರುತ್ತಲೇ ಇದ್ದು, 1930ರ ದಶಕದ ನಡುಭಾಗದಲ್ಲಿ ಒಂದೂವರೆ ಲಕ್ಷವನ್ನು ಮುಟ್ಟಿತ್ತು. ಕಾರ್ಮಿಕ ಸಂಘಟನೆ, ಮುಷ್ಕರದ ಹಕ್ಕು, ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಮೇಲಿನ ದೌರ್ಜನ್ಯ, ಬಾಡಿಗೆ ಕಟ್ಟಲಾರದವರನ್ನು ಬೀದಿಗೆ ತಳ್ಳುವ ಕ್ರೌರ್ಯ, ಇವುಗಳ ಬಗೆಗಿನ ಬರಹಗಳನ್ನು ಕ್ಯಾಥೊಲಿಕ್ ಓದುಗರು ಮೆಚ್ಚಿಕೊಂಡರು. ಅನೇಕ ಚರ್ಚುಗಳೂ ಶಾಲೆಗಳೂ ಪ್ರತಿಗಳನ್ನು ಕಟ್ಟುಕಟ್ಟಾಗಿ ತರಿಸುತ್ತಿದ್ದವು.

1936ರಲ್ಲಿ ಸ್ಪೇನಿನ ಅಂತರ್ಯುದ್ಧ ಆರಂಭವಾಯಿತು. ಅಮೆರಿಕದ ಕ್ಯಾಥೊಲಿಕ್ ಧರ್ಮಸಭೆಯ ಬಹುತೇಕ ನಾಯಕರು ಜನರಲ್ ಫ್ರಾಂಕೊ ಪರವಾಗಿ ನಿಂತರು. ಎಡಪಂಥೀಯರೆಲ್ಲ ಗಣರಾಜ್ಯದ ಪರವಾಗಿ ನಿಂತರು. ಡೊರೊತಿ ಡೇ ಯಾವ ಪಕ್ಷದ ಬಂದೂಕಿಗೂ ಆಶೀರ್ವಾದ ನೀಡಲು ನಿರಾಕರಿಸಿದರು. ಹೀಗಾಗಿ ಎರಡೂ ಕಡೆಯ ಓದುಗರು ಸಿಟ್ಟಾದರು. ಚರ್ಚುಗಳಿಂದ ಕಟ್ಟುಗಳು ಮರಳಿ ಬರತೊಡಗಿದವು. ಇದಾದ ಕೆಲವೇ ವರ್ಷಗಳಲ್ಲಿ, 1941ರ ಡಿಸೆಂಬರಿನಲ್ಲಿ, ಪರ್ಲ್ ಹಾರ್ಬರಿನ ಮೇಲೆ ಜಪಾನು ದಾಳಿ ಮಾಡಿದಾಗ ಇಡೀ ದೇಶವೇ ಯುದ್ಧಕ್ಕೆ ಎದ್ದು ನಿಂತಿತು. ಹಿಟ್ಲರನ ಯೆಹೂದಿದ್ವೇಷವನ್ನು ಬಹಳ ಮೊದಲೇ ಖಂಡಿಸಿದ್ದ ಪತ್ರಿಕೆಯಾದರೂ, ತನ್ನ ಅಹಿಂಸೆಯ ನಿಲುವು ಬದಲಾಗದೆಂದು 1942ರ ಜನವರಿ ಸಂಚಿಕೆಯಲ್ಲಿ ಅದು ಸಾರಿ ಹೇಳಿತು.

ಈ ನಿಲುವು ಸರಿಯೇ ತಪ್ಪೇ ಎಂಬುದು ಇಂದಿಗೂ ಚರ್ಚಾಸ್ಪದ. ನಾಜಿಗಳನ್ನು ಅಹಿಂಸೆಯಿಂದ ತಡೆಯಬಹುದಿತ್ತೆಂದು ನಂಬುವುದು ನಮಗೂ ಕಷ್ಟ. ಅವರ ಸಹಕಾರಿಗಳಲ್ಲಿಯೇ ಅನೇಕರು ನಂಬದೆ ಸೇನೆಗೆ ಸೇರಿದರು. ಅತಿಥಿಗೃಹಗಳಲ್ಲಿ ಹತ್ತಾರು ಬಾಗಿಲು ಮುಚ್ಚಿದವು. ಪ್ರಸಾರವು 1940ರ ದಶಕದ ನಡುವಿನ ಹೊತ್ತಿಗೆ ಸುಮಾರು ಐವತ್ತು ಸಾವಿರಕ್ಕೆ ಕುಸಿಯಿತು. ಮೂರರಲ್ಲಿ ಎರಡು ಪಾಲು ಓದುಗರು ಹೋದರೆಂದರೆ ಕೊಡುವ ಕೈಗಳೂ ಅಷ್ಟೇ ಕಡಿಮೆಯಾದವೆಂದು ಬೇರೆ ಹೇಳಬೇಕಾಗಿಲ್ಲ. ಆದರೂ ಪತ್ರಿಕೆ ನಿಲ್ಲಲಿಲ್ಲ. ಸಂಬಳದ ಖರ್ಚಿಲ್ಲದಿದ್ದುದು, ಸಾಲದಾತರಿಗೂ ಪಾಲುದಾರರಿಗೂ ಉತ್ತರಿಸಬೇಕಾಗಿಲ್ಲದಿದ್ದುದು ಅದನ್ನು ಉಳಿಸಿದವು. ಬಡತನವನ್ನು ತಾವಾಗಿಯೇ ಅಪ್ಪಿಕೊಂಡವರಿಂದ ಕಸಿದುಕೊಳ್ಳಲು ಏನೂ ಉಳಿದಿರುವುದಿಲ್ಲ. ಡೊರೊತಿ ಓದುಗರಲ್ಲಿ ಹಣವನ್ನು ಬೇಡಿದರು; ಅನುಮತಿಯನ್ನು ಬೇಡಲಿಲ್ಲ. ಅವರ ಬದುಕಿನಿಂದ ನಾವು ಗ್ರಹಿಸಬೇಕಾದ ಮುಖ್ಯ ಸಂಗತಿ ಇದೇ ಎಂದು ನಮ್ಮ ಭಾವನೆ.

ಇದೇ ದಾರ್ಢ್ಯವನ್ನು ಅವರು ತಮ್ಮ ಧರ್ಮಸಭೆಯ ಮುಂದೆಯೂ ತೋರಿದರು. 1949ರಲ್ಲಿ ನ್ಯೂಯಾರ್ಕಿನ ಕ್ಯಾಥೊಲಿಕ್ ಸ್ಮಶಾನದ ಗೋರಿ ತೋಡುವವರು ಮುಷ್ಕರ ಹೂಡಿದಾಗ ಪತ್ರಿಕೆಯು ಪ್ರಬಲರಾದ ಕಾರ್ಡಿನಲ್ ಸ್ಪೆಲ್‌ಮನ್ ಅವರ ವಿರುದ್ಧ ಕಾರ್ಮಿಕರ ಪಕ್ಷ ವಹಿಸಿತು. ಪತ್ರಿಕೆಯನ್ನು ನಿಲ್ಲಿಸಬೇಕು, ಇಲ್ಲವೇ ಹೆಸರಿನಿಂದ ಕ್ಯಾಥೊಲಿಕ್ ಎಂಬ ಪದವನ್ನು ಕೈಬಿಡಬೇಕೆಂಬ ಸೂಚನೆ 1951ರಲ್ಲಿ ಧರ್ಮಪ್ರಾಂತದ ಕಚೇರಿಯಿಂದ ಬಂದಾಗ, ವಿನಯಪೂರ್ವಕವಾಗಿ ಅದನ್ನು ಒಪ್ಪಲಾಗದೆಂದು ತಿಳಿಸಿದರು. ಕಚೇರಿಯೂ ಆ ವಿಷಯವನ್ನು ಮುಂದೆ ಬೆಳೆಸಲಿಲ್ಲ.

ಬಡ್ಡಿ ಬೇಡವೆಂದವರು

1950ರಲ್ಲಿ ಮಾಟ್ ಸ್ಟ್ರೀಟಿನ ಮನೆಯನ್ನು ಬಿಡಬೇಕಾಗಿ ಬಂದಾಗ ಓದುಗರ ದೇಣಿಗೆಯ ಬಲದಿಂದ ಕ್ರಿಸ್ಟಿ ಸ್ಟ್ರೀಟಿನಲ್ಲಿ ಹಳೆಯ ಮನೆಯೊಂದನ್ನು ಕೊಂಡರು. 1956ರಲ್ಲಿ ಆ ಕಟ್ಟಡವು ಅಗ್ನಿಸುರಕ್ಷೆಯ ನಿಯಮಗಳಿಗೆ ಅನುಗುಣವಾಗಿಲ್ಲವೆಂದು ನ್ಯಾಯಾಲಯವು ಡೊರೊತಿ ಡೇ ಅವರಿಗೆ 250 ಡಾಲರ್ ದಂಡ ವಿಧಿಸಿತು. ನ್ಯಾಯಾಲಯಕ್ಕೆ ಹೊರಟ ದಿನ, ಬಾಗಿಲ ಬಳಿ ಬಟ್ಟೆಗಾಗಿ ಕಾದಿದ್ದವರ ಗುಂಪಿನಿಂದ ಸಾಧಾರಣ ಉಡುಪಿನ ವ್ಯಕ್ತಿಯೊಬ್ಬರು ಮುಂದೆ ಬಂದು ಅವರ ಕೈಯಲ್ಲಿ ಒಂದು ಕಾಗದವನ್ನಿಟ್ಟರು. ಎರಡೂವರೆ ಡಾಲರಿನ ಕೊಡುಗೆಯೆಂದು ತಿಳಿದು, ಕೃತಜ್ಞತೆ ಹೇಳಿ ಹೊರಟ ಡೊರೊತಿ, ರೈಲಿನಲ್ಲಿ ಅದನ್ನು ಬಿಡಿಸಿ ನೋಡಿದಾಗ ಅದು 250 ಡಾಲರಿನ ಚೆಕ್ಕಾಗಿತ್ತು. ಕೊಟ್ಟವರು ಸುಪ್ರಸಿದ್ಧ ಕವಿ ಡಬ್ಲ್ಯು. ಎಚ್. ಆಡನ್. ಬೇಡುವವರ ಸಾಲಿನಲ್ಲಿ ಕೊಡುವವರೂ ನಿಂತಿರಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಗಲಾರದು.

ಮುಂದೆ ನೆಲದಡಿಯ ರೈಲುಮಾರ್ಗಕ್ಕಾಗಿ ನಗರಾಡಳಿತವು ಅದೇ ಮನೆಯನ್ನು ವಶಪಡಿಸಿಕೊಂಡು ಪರಿಹಾರ ನೀಡಿತು. ಪಾವತಿ ತಡವಾದುದರಿಂದ 3,579 ಡಾಲರ್ 39 ಸೆಂಟುಗಳ ಬಡ್ಡಿಯೂ ಅದರೊಂದಿಗೆ ಬಂದಿತು. 1960ರಲ್ಲಿ ಡೊರೊತಿ ಡೇ ಆ ಬಡ್ಡಿಯ ಹಣವನ್ನು ನಗರಾಡಳಿತಕ್ಕೆ ಹಿಂದಿರುಗಿಸಿದರು. ಹಣವು ಹಣವನ್ನು ಹೆರುವುದನ್ನು ಪ್ರಾಚೀನ ಧರ್ಮಗುರುಗಳು ನಿಷೇಧಿಸಿದ್ದಾರೆ, ಆದಕಾರಣ ಈ ಹಣ ತಮ್ಮದಲ್ಲ ಎಂಬುದು ಅವರು ಪತ್ರಿಕೆಯಲ್ಲಿ ಪ್ರಕಟಿಸಿದ ವಿವರಣೆಯ ಸಾರ. ಅಂಗಡಿಗಳ ಬಾಕಿ ಎಂದಿನಂತೆ ಬೆಳೆದು ನಿಂತಿದ್ದ ಸಂಸ್ಥೆಯೊಂದು ಇಷ್ಟು ಹಣವನ್ನು ಮರಳಿಸಿದ್ದನ್ನು ಕಂಡು ಸ್ನೇಹಿತರೂ ದಿಗ್ಭ್ರಮೆಗೊಂಡರು.

ಬಡ್ಡಿಯ ಲೆಕ್ಕದಿಂದಲೇ ಸಂಸಾರ ತೂಗಿಸಿದ ನಾವು ಈ ನಿರ್ಧಾರವನ್ನು ಸಮರ್ಥಿಸಲಾರೆವು. ಉಳಿತಾಯ ಖಾತೆಯಲ್ಲಿ ಹಣವಿಟ್ಟು, ಅದರ ಬಡ್ಡಿಯಿಂದ ಮಕ್ಕಳ ವಿದ್ಯಾಭ್ಯಾಸ ಮುಗಿಸಿದ ಸಾಮಾನ್ಯರನ್ನು ದಿನವೂ ಕಂಡಿದ್ದೇವೆ. ಆದರೆ ಒಂದು ಮಾತನ್ನು ಮನ್ನಿಸಬೇಕು. ಯಾವ ಹಣವನ್ನು ಒಲ್ಲೆವೆಂದು ಮೊದಲೇ ಗೊತ್ತುಮಾಡಿಕೊಂಡ ಸಂಸ್ಥೆಗೆ ಮಾತ್ರ ಹಣ ಕೇಳುವಾಗ ಕತ್ತೆತ್ತಿ ನಿಲ್ಲಲು ಸಾಧ್ಯವಾಗುತ್ತದೆ. ತಾವು ಕೊಟ್ಟ ಡಾಲರು ಎಂಥವರ ಕೈಗೆ ಹೋಗುತ್ತಿದೆಯೆಂದು ಓದುಗರಿಗೆ ಆ ದಿನ ಮತ್ತೊಮ್ಮೆ ಮನದಟ್ಟಾಗಿರಬೇಕು.

ತೆರಿಗೆ ಇಲಾಖೆಯೊಂದಿಗೆ ಹೋರಾಟ

ದಾನ ಪಡೆಯುವ ಸಂಸ್ಥೆಗಳು ಸರಕಾರದಲ್ಲಿ ನೋಂದಾಯಿಸಿಕೊಂಡರೆ ಅವುಗಳಿಗೂ ದಾನಿಗಳಿಗೂ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. ನಮ್ಮಲ್ಲಿಯೂ ಈ ಸೌಲಭ್ಯವುಂಟು. ದೇಣಿಗೆ ಕೇಳಲು ಹೋದಾಗ ಮೊದಲು ಎದುರಾಗುವ ಪ್ರಶ್ನೆಯೂ ಅನೇಕ ವೇಳೆ ಅದೇ. ಡೊರೊತಿ ಡೇ ಈ ನೋಂದಣಿಯನ್ನು ಕೊನೆಯವರೆಗೂ ಒಪ್ಪಲಿಲ್ಲ. ಹಸಿದವನಿಗೆ ಅನ್ನವಿಕ್ಕಲು ಸರಕಾರದ ಪ್ರಮಾಣಪತ್ರ ಏಕೆ ಬೇಕು, ಕೊಡುವವನು ತೆರಿಗೆಯ ಲಾಭಕ್ಕಾಗಿ ಏಕೆ ಕೊಡಬೇಕು ಎಂಬುದು ಅವರ ನಿಲುವು. ತೆರಿಗೆಯ ಹಣ ಯುದ್ಧಗಳಿಗೆ ಹೋಗುತ್ತದೆಂಬ ಆಕ್ಷೇಪವೂ ಇದರ ಹಿಂದಿತ್ತು.

1972ರಲ್ಲಿ ತೆರಿಗೆ ಇಲಾಖೆಯು ಆರು ವರ್ಷಗಳ ತೆರಿಗೆ ಮತ್ತು ದಂಡವೆಂದು 2,96,359 ಡಾಲರುಗಳನ್ನು ಕಟ್ಟುವಂತೆ ನೋಟೀಸು ನೀಡಿತು. ಆ ಮೊತ್ತವನ್ನು ಕಟ್ಟುವುದಿರಲಿ, ಹಾಗೆ ಕಟ್ಟಬಲ್ಲ ಖಾತೆಯೇ ಅವರಲ್ಲಿರಲಿಲ್ಲ. ಪತ್ರಿಕೆಯೂ ಅತಿಥಿಗೃಹವೂ ಒಟ್ಟಿಗೆ ಮುಚ್ಚಿಹೋಗುವ ಸಂದರ್ಭ ಒದಗಿತು. ವಿಷಯವು ಬಹಿರಂಗವಾದಾಗ 'ನ್ಯೂಯಾರ್ಕ್ ಟೈಮ್ಸ್' ಮೊದಲಾದ ಪತ್ರಿಕೆಗಳು ಡೊರೊತಿಯ ಪರವಾಗಿ ಬರೆದವು. ಅದೇ ಜುಲೈ ತಿಂಗಳಿನಲ್ಲಿ ಇಲಾಖೆಯು ಬೇಡಿಕೆಯನ್ನು ಕೈಬಿಟ್ಟಿತು. ವಿನಾಯಿತಿಯ ಆಸೆಯಿಲ್ಲದೆ ನಾಲ್ಕು ದಶಕ ಕೊಟ್ಟ ಓದುಗರೇ ಈ ಪತ್ರಿಕೆಯ ನಿಜವಾದ ಪ್ರಮಾಣಪತ್ರವಾಗಿದ್ದರು.

ಕೊನೆಯ ವರ್ಷಗಳು

ಈ ನಡುವೆ ಡೊರೊತಿ ಡೇ ಅವರ ಹೋರಾಟಗಳು ನಿಂತಿರಲಿಲ್ಲ. ಅಣುಬಾಂಬಿನ ದಾಳಿಯಾದರೆ ಅಡಗಿಕೊಳ್ಳುವ ಕಡ್ಡಾಯ ಕವಾಯತನ್ನು 1955ರಿಂದ ಬಹಿರಂಗವಾಗಿ ಧಿಕ್ಕರಿಸಿ ಮತ್ತೆ ಮತ್ತೆ ಸೆರೆ ಹೋದರು. ಪ್ರತಿಭಟನಕಾರರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆದು, 1961ರ ಬಳಿಕ ನಗರವು ಆ ಕವಾಯತನ್ನೇ ಕೈಬಿಟ್ಟಿತು. 1973ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯದ ಹೊಲದ ಕೂಲಿಗಳ ಪರವಾಗಿ ಧರಣಿ ಕುಳಿತು ಕೊನೆಯ ಬಾರಿಗೆ ಬಂಧನಕ್ಕೊಳಗಾದರು.

ಭಾರತದೊಂದಿಗೆ ಅವರ ನಂಟನ್ನು ಇಲ್ಲಿ ಸ್ಮರಿಸಬೇಕು. ಗಾಂಧೀಜಿಯವರ ಹತ್ಯೆಯಾದಾಗ, 1948ರ ಫೆಬ್ರವರಿ ಸಂಚಿಕೆಯಲ್ಲಿ, ಅವರನ್ನು ಕುರಿತು ಭಕ್ತಿಪೂರ್ವಕವಾಗಿ ಬರೆದರು. 1970ರ ವಿದೇಶ ಪ್ರವಾಸದಲ್ಲಿ ಕಲ್ಕತ್ತೆಗೆ ಬಂದು ಮದರ್ ತೆರೇಸಾ ಅವರನ್ನು ಕಂಡರು. ಬಡವರ ಸೇವೆಯಲ್ಲಿ ಇಬ್ಬರೂ ಒಂದೇ ದಾರಿಯವರಾದರೂ, ಬಡತನವನ್ನು ಹುಟ್ಟಿಸುವ ವ್ಯವಸ್ಥೆಯನ್ನೇ ಪ್ರಶ್ನಿಸುವ ಪತ್ರಿಕೆಯೊಂದನ್ನು ನಡೆಸಿದ್ದು ಡೊರೊತಿ ಡೇ ಅವರ ವೈಶಿಷ್ಟ್ಯ.

ಇಷ್ಟೆಲ್ಲವನ್ನು ಹೇಳಿ, ಒಂದು ಋಣವನ್ನು ಹೇಳದಿದ್ದರೆ ಲೆಕ್ಕ ಪೂರ್ಣವಾಗದು. ಪತ್ರಿಕೆ ಆರಂಭವಾದಾಗ ಮಗಳು ತಮಾರಳಿಗೆ ಏಳು ವರ್ಷ. ಆಕೆಯ ಬಾಲ್ಯವು ಅಪರಿಚಿತರಿಂದ ತುಂಬಿದ ಮನೆಯಲ್ಲಿ, ಪ್ರವಾಸದಲ್ಲಿರುವ ತಾಯಿಯನ್ನು ಕಾಯುವುದರಲ್ಲಿ ಕಳೆಯಿತು. ಮಗಳ ಸಲುವಾಗಿಯೂ 1943ರಲ್ಲಿ ಡೊರೊತಿ ಕೆಲಕಾಲ ಪತ್ರಿಕೆಯಿಂದ ದೂರ ನಿಂತರು. ಆದರೆ ಹೆಚ್ಚು ದಿನ ಹಾಗಿರಲು ಅವರಿಂದಾಗಲಿಲ್ಲ. 1944ರಲ್ಲಿ ವಿವಾಹವಾದ ತಮಾರ್ ಒಂಬತ್ತು ಮಕ್ಕಳನ್ನು ಸಾಕಿ, 2008ರಲ್ಲಿ ನಿಧನರಾದರು. ದಾನಿಗಳ ಪಟ್ಟಿಯಲ್ಲಿ ಆಕೆಯ ಹೆಸರು ಇರಲಾರದು. ಆದರೂ ಈ ಪತ್ರಿಕೆಗಾಗಿ ಕೇಳದೆಯೇ ಪಡೆದ ದೊಡ್ಡ ದೇಣಿಗೆ ಆಕೆಯ ಬಾಲ್ಯವೇ ಆಗಿತ್ತೆಂದು ನಮಗೆ ತೋರುತ್ತದೆ. ಸಾರ್ವಜನಿಕ ಕಾರ್ಯಕ್ಕೆ ಒಬ್ಬರು ತಮ್ಮನ್ನು ಒಪ್ಪಿಸಿಕೊಂಡಾಗ ಮನೆಯವರೂ ಅದರ ಪಾಲು ತೆರುತ್ತಾರೆಂಬುದು ನಮ್ಮ ಸಂಘಸಂಸ್ಥೆಗಳಿಗಾಗಿ ದುಡಿದ ಹಿರಿಯರ ಕುಟುಂಬಗಳಿಗೆ ಚೆನ್ನಾಗಿ ಗೊತ್ತಿರುವ ಸತ್ಯ.

1980ರ ನವೆಂಬರ್ 29ರಂದು, ನ್ಯೂಯಾರ್ಕಿನ ತಮ್ಮದೇ ಸಂಸ್ಥೆಯ ಮಹಿಳಾ ಅತಿಥಿಗೃಹವಾದ ಮೇರಿಹೌಸಿನಲ್ಲಿ, ಎಂಬತ್ತಮೂರರ ವಯಸ್ಸಿನಲ್ಲಿ ಡೊರೊತಿ ಡೇ ನಿಧನರಾದರು. ಅಂತಿಮ ದರ್ಶನಕ್ಕೆ ಬಂದವರಲ್ಲಿ ಧರ್ಮಗುರುಗಳೂ ಬೀದಿಯ ನಿರ್ಗತಿಕರೂ ಇದ್ದರು. ಒಂದು ಕಾಲದಲ್ಲಿ ಅವರ ಪತ್ರಿಕೆಯ ಹೆಸರನ್ನೇ ಆಕ್ಷೇಪಿಸಿದ್ದ ನ್ಯೂಯಾರ್ಕಿನ ಧರ್ಮಪ್ರಾಂತವೇ 2000ದಲ್ಲಿ ಅವರನ್ನು ಸಂತರೆಂದು ಘೋಷಿಸುವ ಪ್ರಕ್ರಿಯೆಗೆ ಚಾಲನೆ ನೀಡಿತು. 2015ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅವರು ಅಮೆರಿಕದ ಸಂಸತ್ತಿನಲ್ಲಿ ಮಾತನಾಡುತ್ತ, ಆ ದೇಶದ ನಾಲ್ವರು ಮಹನೀಯರಲ್ಲಿ ಒಬ್ಬರೆಂದು ಲಿಂಕನ್, ಮಾರ್ಟಿನ್ ಲೂಥರ್ ಕಿಂಗ್, ತಾಮಸ್ ಮರ್ಟನ್ ಅವರೊಡನೆ ಡೊರೊತಿ ಡೇ ಅವರ ಹೆಸರನ್ನೂ ಎತ್ತಿದರು.

ಪತ್ರಿಕೆಯಾದರೋ ಸಂಪಾದಕಿಯೊಂದಿಗೆ ಕೊನೆಗೊಳ್ಳಲಿಲ್ಲ. ಅವರ ಮರಣದ ನಂತರವೂ ದಶಕಗಳ ಕಾಲ ಅದೇ ಒಂದು ಸೆಂಟಿನ ಬೆಲೆಯಲ್ಲಿ, ಜಾಹೀರಾತುಗಳಿಲ್ಲದೆ ಹೊರಬಂದಿದೆ. ಮೂಲನಿಧಿಯಿಲ್ಲದ ಸಂಸ್ಥೆ ಬಾಳದೆಂಬ ನಮ್ಮ ವೃತ್ತಿಯ ನಂಬಿಕೆಯನ್ನು ನಾವು ಬಿಟ್ಟಿಲ್ಲ. ನಮ್ಮ ಸಂಘಗಳಿಗೆ ಅದನ್ನೇ ಸಲಹೆಯಾಗಿ ನೀಡುತ್ತೇವೆ. ಆದರೆ ನಿಧಿಯೊಂದೇ ಸಂಸ್ಥೆಯನ್ನು ಉಳಿಸುವುದಿಲ್ಲ. ಕೊಡುವವರ ಬಗ್ಗೆ ಕೃತಜ್ಞತೆಯಿದ್ದೂ ಅವರ ಮುಖ ನೋಡಿ ಮಾತನ್ನು ಬದಲಿಸದ ಗಟ್ಟಿತನ ಸಂಸ್ಥೆಯಲ್ಲಿರಬೇಕು. ತನಗೆ ಒಪ್ಪಿಗೆಯಾಗದ ಮಾತು ಅಚ್ಚಾದಾಗಲೂ ಮುಂದಿನ ಬಿನ್ನಹಕ್ಕೆ ಕೈಲಾದಷ್ಟು ಕಳುಹಿಸುವ ಔದಾರ್ಯ ಓದುಗರಲ್ಲಿರಬೇಕು. ಯುದ್ಧಕಾಲದಲ್ಲಿ ಲಕ್ಷ ಮಂದಿ ಹೊರಟುಹೋದಾಗ ಉಳಿದುಕೊಂಡ ಆ ಐವತ್ತು ಸಾವಿರ ಓದುಗರಲ್ಲಿ ಎಲ್ಲರೂ ಸಂಪಾದಕಿಯ ಮಾತನ್ನು ಒಪ್ಪಿದವರಾಗಿರಲಾರರು. ಅವರ ಹೆಸರುಗಳು ಯಾವ ಚರಿತ್ರೆಯಲ್ಲಿಯೂ ದಾಖಲಾಗಿಲ್ಲ. ಡೊರೊತಿ ಡೇ ಅವರಿಗೆ ನಮನ ಸಲ್ಲಿಸುವಾಗ ಅವರಿಗೂ ಒಂದು ನಮನ ಸಲ್ಲಬೇಕು.